ಬಿರುಕಿಗೆ ಹಾಕಿದ ಗರಸು

ಆ ನೆಲವನ್ನು ಮಟ್ಟ ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳುತ್ತಾ ಕೇಳುತ್ತಾ ನನ್ನನ್ನು ಒಳ್ಳೆಯವಳು ಎಂದುಕೊಂಡು ಯಾರೂ ಮೋಸ ಹೋಗುವುದು ಬೇಡ.

ನಮ್ಮದು ಮಣ್ಣು ಕೆಲಸ. ಅಮ್ಮನದೂ ಅದೇ, ಅವಳ ಅಮ್ಮನದೂ ಅದೇ. ಅಡಿಪಾಯ ಅಗೆಯುತ್ತೇವೆ, ಚರಂಡಿ ತೋಡುತ್ತೇವೆ, ಹೆಣಕ್ಕೆ ಗುಂಡಿ ತೆಗೆಯುತ್ತೇವೆ. ಕಟ್ಟಡ ಎದ್ದು ನಿಂತ ಮೇಲೆ ಅದರ ಹೊಸ್ತಿಲು ದಾಟುವ ಹಾಗಿಲ್ಲ. ಕಾಲಲ್ಲಿ ಮಣ್ಣಿದೆ ಎನ್ನುತ್ತಾರೆ. ಮಣ್ಣು ಹೊತ್ತವರ ಕಾಲಲ್ಲಿ ಮಣ್ಣಿರದೆ ಗಂಧ ಇರುತ್ತದೆಯೇ? ಇಂಜಿನಿಯರರ ಕಚೇರಿಗೆ ಹೋದರೆ ಕಾವಲುಗಾರ ದೂರದಿಂದಲೇ ಕೈ ಅಡ್ಡ ಹಿಡಿಯುತ್ತಾನೆ. ಆ ಕಚೇರಿಯ ಅಡಿಪಾಯ ಅಗೆದದ್ದು ನಾನು. ನನ್ನ ಎಡಗೈಯ ಕಿರುಬೆರಳಿನ ತುದಿ ಹೋದದ್ದು ಅಲ್ಲೇ.

ನನ್ನ ಕೈಕೆಳಗೆ ಹದಿನಾಲ್ಕು ಜನ. ಅವರಲ್ಲಿ ಹಿರಿಯ ಗುದ್ದಲಿ ಮಾವ. ಅವನಿಗೆ ಹಲ್ಲು ಮೂರೇ ಉಳಿದಿವೆ, ನಾಲಿಗೆ ಮಾತ್ರ ಪೂರ್ತಿ ಇದೆ. ನಮ್ಮೆಲ್ಲರ ಮೇಲೆ ಮೇಸ್ತ್ರಿ. ಅವನು ಕೆಲಸ ಹಿಡಿದು ತರುತ್ತಾನೆ, ನೆರಳಲ್ಲಿ ನಿಂತು ಬೈಯುತ್ತಾನೆ. ಅವನ ಕೈಗೆ ಮಣ್ಣು ಸೋಕಿ ಎಷ್ಟು ವರ್ಷವಾಯಿತೋ ಅವನಿಗೇ ನೆನಪಿಲ್ಲ.

ಆ ಬಯಲು ಊರಾಚೆ, ಕೊನೆಯ ಬಸ್ಸು ತಿರುಗುವ ಜಾಗದಿಂದಲೂ ಆಚೆ. ಕಪ್ಪು ಜೇಡಿ ಮಣ್ಣು. ದೂರಕ್ಕೆ ಸಪಾಟು, ಹತ್ತಿರ ಹೋದರೆ ಬೇರೆಯೇ. ಹತ್ತು ಹೆಜ್ಜೆಗೊಂದು ದಿಣ್ಣೆ, ಮಂಡಿಯೆತ್ತರ. ದಿಣ್ಣೆಯ ಮಗ್ಗುಲಿಗೆ ತಗ್ಗು. ಮತ್ತೆ ದಿಣ್ಣೆ, ಮತ್ತೆ ತಗ್ಗು, ಬಯಲಿನ ಆ ತುದಿಯವರೆಗೂ. ಯಾರೂ ಗುಡ್ಡೆ ಹಾಕಿದ್ದಲ್ಲ. ನೆಲ ತಾನೇ ಎದ್ದದ್ದು, ತಾನೇ ಕುಸಿದದ್ದು.

ಅಂಥ ನೆಲವನ್ನು ನನಗೆ ಹತ್ತು ವರ್ಷವಿದ್ದಾಗಲೇ ಅಮ್ಮ ತೋರಿಸಿದ್ದಳು. ಬೇಸಿಗೆಗೆ ಬಿರಿದು ಬಾಯಿಬಿಟ್ಟಿತ್ತು. ನನ್ನ ತೋಳು ಹಿಡಿದು ಬಿರುಕಿನೊಳಗೆ ಇಳಿಸಿದಳು. ಭುಜದವರೆಗೆ ಹೋಯಿತು.

“ಇದು ನೀರು ಕುಡಿದ್ರೆ ಊದಿಕೊಳ್ಳೋ ಮಣ್ಣು,” ಎಂದಳು. “ಒಣಗಿದಾಗ ಹಿಂಗೆ ಬಿರಿಯುತ್ತೆ. ಮಳೆ ಬಿದ್ರೆ ಊದಿ ಮುಚ್ಚಿಕೊಳ್ಳುತ್ತೆ. ಆದ್ರೆ ಅಷ್ಟರಲ್ಲಿ ಮೇಲಿನ ಪುಡಿ ಮಣ್ಣು ಬಿರುಕಿಗೆ ಬಿದ್ದು ತುಂಬಿರುತ್ತಲ್ಲ, ಆಗ ಊದೋಕೆ ಜಾಗ ಎಲ್ಲಿರುತ್ತೆ? ಕೆಳಗೆ ಹೋಗೋಕಾಗಲ್ಲ, ಪಕ್ಕಕ್ಕೆ ಹೋಗೋಕಾಗಲ್ಲ. ಮೇಲಕ್ಕೇ ಬರಬೇಕು. ಈ ದಿಣ್ಣೆಗಳು ಎದ್ದಿರೋದು ಅದಕ್ಕೇ.”

“ಕಡಿದು ತಗ್ಗಿಗೆ ಹಾಕಿದ್ರೆ?”

“ಹಾಕು. ನಾಲ್ಕು ಮಳೆ ಹೋಗಲಿ, ಅಲ್ಲೇ ಎದ್ದು ಕೂತಿರುತ್ತೆ. ಬಿರುಕು ಮಾತ್ರ ನೀನಾಗಿ ತುಂಬೋಕೆ ಹೋಗಬೇಡ ಮಗಳೇ.”

ಮೇಸ್ತ್ರಿ ನಮ್ಮನ್ನು ಅಲ್ಲಿಗೆ ಇಳಿಸಿದ್ದು ನಡುಬೇಸಿಗೆಯಲ್ಲಿ. ದಿಣ್ಣೆ ಕಡಿಯಬೇಕು, ತಗ್ಗು ತುಂಬಬೇಕು, ಬಿರುಕುಗಳಿಗೆಲ್ಲ ಗರಸು, ಅಂದರೆ ಸಣ್ಣಕಲ್ಲು ಬೆರೆತ ಕೆಂಪು ಮಣ್ಣು, ಸುರಿದು ದಿಮ್ಮಸು ಹೊಡೆದು ಗಟ್ಟಿ ಮಾಡಬೇಕು. ಮಳೆಗೆ ಮೊದಲು ನೆಲ ಹಲಗೆಯ ಹಾಗೆ ಆಗಬೇಕು. ಇದು ಅವನ ಅಪ್ಪಣೆ.

“ಮೇಸ್ತ್ರಿ, ಈ ಮಣ್ಣಿನ ಬಿರುಕು ತುಂಬಬಾರದು ಅಂತ ನಮ್ಮಮ್ಮ ಹೇಳ್ತಿದ್ಲು,” ಎಂದೆ. “ಜೇಡೀನ ಆಳುದ್ದ ತೆಗೆದು ಹೊರಗೆ ಹಾಕಿ, ಆಮೇಲೆ...”

“ನಿಮ್ಮಮ್ಮ ಯಾವ ಕಾಲೇಜಲ್ಲಿ ಓದಿದ್ದು?”

ಲಾರಿಯವನು ನಕ್ಕ. ತಂಡದವರು ನಕ್ಕರು. ನಾನೂ ನಕ್ಕೆ. ಗುಂಡಿಯ ಗೋಡೆ ಕುಸಿದು ಮಣ್ಣಿನಡಿಯಲ್ಲೇ ಸತ್ತ ನನ್ನ ತಾಯಿಯ ಮಾತಿಗೆ ನಾನು ಹಲ್ಲು ಕಿರಿದೆ. ಈಗ ನೆನೆದರೆ ಆ ಬಾಯಿಗೆ ಕೆರ ತೆಗೆದುಕೊಂಡು ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಇಪ್ಪತ್ತಾರು ದಿನ ಗರಸು ಹೊತ್ತೆವು. ಸಿಂಬೆ ಇಟ್ಟರೂ ನೆತ್ತಿಯ ಕೂದಲು ಉದುರಿತು. ಕುತ್ತಿಗೆ ತಿರುಗಿಸಲು ಆಗದೆ ಮೈಯನ್ನೇ ತಿರುಗಿಸುತ್ತಿದ್ದೆವು. ನೀರು ಕೇಳಿದರೆ ಮೇಸ್ತ್ರಿಯ ಆಳು ಪೈಪಿನಿಂದ ಬೊಗಸೆಗೆ ಬಿಡುತ್ತಿದ್ದ. ಲೋಟವಿತ್ತು, ಅದು ಅವರದು. ಒಂದೊಂದು ಬಿರುಕಿಗೆ ಐದಾರು ಬುಟ್ಟಿ ಹಿಡಿಯುತ್ತಿತ್ತು. ಸುರಿದರೆ ಎಲ್ಲೋ ಆಳದಲ್ಲಿ ಸರಸರ ಇಳಿದು ಹೋಗುವ ಸದ್ದು. ತುಂಬಿದ್ದನ್ನು ತುಳಿದು ಗಟ್ಟಿ ಮಾಡಿದವಳು ನಾನೇ.

ನಮ್ಮಲ್ಲೊಂದು ಪದ್ಧತಿ ಇದೆ. ನೆಲ ಮಟ್ಟವಾದ ಮೇಲೆ ತಂಡದ ಯಜಮಾನಿ ನಟ್ಟನಡುವೆ ಒಂದು ತಂಬಿಗೆ ನೀರು ಸುರಿಯಬೇಕು. ಅದು ಯಾವ ಕಡೆಗೂ ವಾಲದೆ ತಟ್ಟೆಯ ಹಾಗೆ ದುಂಡಗೆ ಹರಡಿದರೆ ಕೆಲಸ ಸರಿ. ನಾನು ಸುರಿದೆ. ದುಂಡಗೆ ಹರಡಿತು. ನನ್ನ ಎದೆ ಉಬ್ಬಿತು. ಇಂಥ ಮಟ್ಟ ನಿಮ್ಮಮ್ಮನ ಕೈಯಲ್ಲೂ ಆಗ್ತಿರಲಿಲ್ಲ ಎಂದು ಮಾವ ಅಂದ, ಅದಕ್ಕೂ ಹಿಗ್ಗಿದೆ.

ಅಲ್ಲಿ ನಲವತ್ತು ಮನೆ ಎದ್ದವು. ಅಡಿಪಾಯ ಅಗೆದದ್ದೂ ನಾವೇ. ಒಂದೊಂದೇ ಕೋಣೆ, ತಗಡಿನ ಬಾಗಿಲು, ಕಂಬಿ ಹಾಕಿದ ಒಂದು ಕಿಟಕಿ, ಮೂಲೆಯಲ್ಲಿ ಸ್ನಾನಕ್ಕೆ ಒಂದು ಕಟ್ಟೆ. ಆ ಮನೆಗಳು ನಮಗೇ ಎಂದು ಗೊತ್ತಾದದ್ದು ಆಮೇಲೆ. ದೊಡ್ಡ ಚರಂಡಿಯ ಪಕ್ಕದ ನಮ್ಮ ಗುಡಿಸಲುಗಳನ್ನು ಯಂತ್ರ ತಂದು ಕೆಡವಿದರು. ಪಾತ್ರೆ ಪಗಡ ಲಾರಿಗೆ ಎಸೆದು ತಂದು ಇಲ್ಲಿ ಸುರಿದರು.

“ನಮ್ಮ ಗೋರಿ ನಾವೇ ತೋಡಿಕೊಳ್ಳೋದು ಕೇಳಿದ್ದೆ,” ಎಂದ ಗುದ್ದಲಿ ಮಾವ. “ನಮ್ಮ ಮನೆ ನಾವೇ ತೋಡಿಕೊಂಡಿದ್ದು ಇದೇ ಮೊದಲು.”

ಎಷ್ಟು ಸಂತೋಷವಾಗಿತ್ತು. ಸುಳ್ಳೇಕೆ ಹೇಳಲಿ? ತಲೆ ಮೇಲೆ ಸೂರು, ಒಳಗಿನಿಂದ ಚಿಲಕ. ತಂಗಿಗೆ ನನ್ನ ಎದುರಿನ ಮನೆಯೇ ಸಿಕ್ಕಿತು. ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ಬಾಗಿಲು ಹಾಕಿಕೊಂಡು ಸ್ನಾನ ಮಾಡುವುದು ಅವಳಿಗೆ ಜನ್ಮದಲ್ಲಿ ಅದೇ ಮೊದಲು.

ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಮ್ಮ ಹೋದಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸೊಂಟದಲ್ಲಿ ಅವಳು, ತಲೆಯ ಮೇಲೆ ಮಣ್ಣು, ಹಾಗೆ ಬೆಳೆಸಿದೆ. ಮಣ್ಣು ಕೆಲಸಕ್ಕೆ ಹಚ್ಚಬಾರದು ಎಂದು ಹಾಸ್ಟೆಲ್ಲಿನಲ್ಲಿ ಪಾತ್ರೆ ತೊಳೆಯಲು ಸೇರಿಸಿದೆ. ಅವಳ ಗಂಡ ಅಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಈ ಮನೆಗೆ ಬಂದ ವರ್ಷವೇ ಬಸಿರಾದಳು.

ಮೊದಲ ಮಳೆಗೇ ನೆಲ ಆಟ ಶುರುಮಾಡಿತ್ತು. ಇಟ್ಟ ಲೋಟ ತಾನಾಗಿ ಸರಿಯುತ್ತಿತ್ತು. ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕು. ಒಂದು ಮನೆ ತಲೆ ಎತ್ತಿದರೆ ಪಕ್ಕದ ಮನೆ ಮಂಡಿಯೂರುತ್ತಿತ್ತು. ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಂಡು ಕಿರುಗುಟ್ಟುತ್ತಿದ್ದವು. ಅರ ತೆಗೆದುಕೊಂಡು ಎಲ್ಲರೂ ತಂತಮ್ಮ ಬಾಗಿಲಿನ ಅಂಚು ಉಜ್ಜಿದೆವು. ಜನ ಮೇಸ್ತ್ರಿಯ ಸಿಮೆಂಟನ್ನು ಬೈದರು. ನನಗೆ ಗೊತ್ತಿತ್ತು. ತಂಗಿಯ ಹೊಸ್ತಿಲಡಿ ಎದ್ದದ್ದು ನಾನು ಕಡಿದಿದ್ದ ದಿಣ್ಣೆಯೇ, ಅದೇ ಜಾಗದಲ್ಲಿ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅವಳ ಬಾಗಿಲನ್ನೂ ಅರದಿಂದ ಉಜ್ಜಿಕೊಟ್ಟೆ.

ಎರಡನೆಯ ವರ್ಷ ಮಳೆ ಐದು ದಿನ ಬಿಡಲಿಲ್ಲ. ಆರನೆಯ ದಿನ ಬೆಳಗ್ಗೆ ಮಳೆ ನಿಂತು ಹೊಳವಾಯಿತು. ನಾನು ಎರಡು ಮೈಲಿ ಆಚೆ ಪೈಪಿನ ಕಾಲುವೆ ತೋಡುತ್ತಿದ್ದೆ. ಪಕ್ಕದ ಮನೆಯ ಹೆಂಗಸು ಓಡಿ ಬಂದಳು. ಗಂಡ ಮಂಡಿಗೆ ಹೋದ ಮೇಲೆ ತಂಗಿ ಸ್ನಾನಕ್ಕೆಂದು ಚಿಲಕ ಹಾಕಿಕೊಂಡಿದ್ದಳು. ಒಳಗೆ ನೋವು ಶುರುವಾಯಿತು. ಚಿಲಕ ತೆಗೆದಳು, ಬಾಗಿಲು ಬರಲಿಲ್ಲ.

ಹಾರೆ ಹೆಗಲಿಗೆ ಹಾಕಿಕೊಂಡು ಓಡಿದೆ. ಆ ಮಣ್ಣಿನಲ್ಲಿ ಓಡುವುದೆಂದರೇನು? ಹೆಜ್ಜೆಗೆ ಒಂದು ಸೇರು ಜೇಡಿ ಅಂಟುತ್ತದೆ. ಪಾದ ಎತ್ತಿದರೆ ನೆಲವೇ ಜೊತೆಗೆ ಬರುತ್ತದೆ. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಹೋಗುವಷ್ಟರಲ್ಲಿ ಬಾಗಿಲಿನ ಮುಂದೆ ಇಪ್ಪತ್ತು ಜನ ಇದ್ದರು. ಗಂಡಸರು ಒದ್ದು ಒದ್ದು ತಗಡು ತಗ್ಗಾಗಿತ್ತೇ ಹೊರತು ಬಾಗಿಲು ಅಲುಗಿರಲಿಲ್ಲ. ಹೊಸ್ತಿಲು ಮೇಲೆದ್ದು ಚೌಕಟ್ಟನ್ನು ಇಕ್ಕಳದ ಹಾಗೆ ಹಿಂಡಿತ್ತು. ಮೂರನೆಯ ಮನೆಯ ಸೂಲಗಿತ್ತಿ ಕಿಟಕಿಯ ಕಂಬಿ ಹಿಡಿದುಕೊಂಡು ಒಳಗೆ ಕೂಗಿ ಹೇಳುತ್ತಿದ್ದಳು. ಮುಕ್ಕರಿಸು ತಾಯಿ. ಕಾಲು ಅಗಲಿಸು. ತಲೆ ಬಂತು ನೋಡು, ಇನ್ನೊಂದು ಸಲ ಮುಕ್ಕರಿಸು. ಕಂಬಿಯೊಳಗೆ ಅವಳ ಕೈ ಮೊಣಕೈವರೆಗೂ ಹೋಗಿತ್ತು. ಅಷ್ಟೇ ಹೋಗುತ್ತಿತ್ತು.

ಚೌಕಟ್ಟಿನ ಸಂದಿಗೆ ಹಾರೆ ಹಾಕಿ ಮೀಟಿದೆ. ಹಾರೆ ಬಾಗಿತು. ಆಮೇಲೆ ಗೋಡೆಗೇ ಹೊಡೆದೆ. ಎಷ್ಟು ಹೊಡೆದೆನೋ ಗೊತ್ತಿಲ್ಲ, ಅಂಗೈ ಹರಿದು ಹಾರೆ ಜಾರುತ್ತಿತ್ತು. ನಾಯಿ ನುಸುಳುವಷ್ಟು ತೂತಾದಾಗ ಸೂಲಗಿತ್ತಿಯನ್ನು ಒಳಗೆ ತಳ್ಳಿ ಹಿಂದೆ ನಾನೂ ತೆವಳಿದೆ. ತಂಗಿ ಕಟ್ಟೆಯ ಪಕ್ಕದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಹೆಣ್ಣು ಮಗು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು. ಮೈ ಇನ್ನೂ ಬಿಸಿ ಇತ್ತು, ಬಣ್ಣ ಮಾತ್ರ ನೀಲಿ.

“ಒಂದು ಬೆರಳು ತೂರಿಸಿ ಸಡಿಲ ಮಾಡಿದ್ರೆ ಆಗ್ತಿತ್ತು,” ಎಂದಳು ಸೂಲಗಿತ್ತಿ. ತನ್ನ ಬೆರಳನ್ನೇ ನೋಡಿಕೊಂಡು ಅತ್ತಳು.

ಆ ಕೂಸಿಗೆ ಗುಂಡಿ ತೆಗೆದವಳೂ ನಾನೇ. ನನ್ನ ಹಣೆಬರಹ.

ವಾರದ ಮೇಲೆ ಇಂಜಿನಿಯರರ ಕಚೇರಿಯಿಂದ ಒಬ್ಬ ಬಂದು ಫೋಟೋ ಹಿಡಿದುಕೊಂಡು ಹೋದ. ಅದಾಗಿ ಎರಡು ವಾರಕ್ಕೆ ಮೇಸ್ತ್ರಿ ಒಂದು ಕಾಗದ ತಂದು ಎಲ್ಲರ ಮುಂದೆ ಓದಿದ. ಸದರಿ ಮನೆಯಾಕೆ ಸ್ನಾನದ ನೀರನ್ನು ಗೋಡೆಯ ಬುಡಕ್ಕೆ ಹರಿಯಬಿಟ್ಟ ಕಾರಣ ನೆಲ ಉಬ್ಬಿ ಬಾಗಿಲು ಸಿಕ್ಕಿಕೊಂಡಿರುತ್ತದೆ. ಸಾವಿಗೆ ಆಕೆಯ ಅಜಾಗರೂಕತೆಯೇ ಕಾರಣವಾಗಿರುತ್ತದೆ. ಕೆಳಗೆ ತಂಗಿಯ ಹೆಬ್ಬೆಟ್ಟು ಬೀಳಬೇಕು.

ನೀರು ಹರಿದದ್ದು ನಿಜ. ಇನ್ನೆಲ್ಲಿಗೆ ಹರಿಯಬೇಕು? ಕಟ್ಟೆಗೆ ಒಂದು ತೂತು ಇಟ್ಟಿದ್ದರು, ತೂತಿನಾಚೆ ಮೋರಿಯೇ ಇರಲಿಲ್ಲ.

“ಒತ್ತಿದ್ರೆ ಇಲ್ಲಿಗೆ ಮುಗೀತು,” ಎಂದ ಮೇಸ್ತ್ರಿ. “ಎಲ್ಲರ ಮನೆಗೂ ಬಿರುಕು ಮುಚ್ಚಿ ಸುಣ್ಣ ಹೊಡೆಸ್ತೀವಿ, ಆರಾಮಾಗಿ ಇರಿ. ಒತ್ತಲಿಲ್ಲ ಅಂದ್ರೆ ತನಿಖೆ ಅಂತಾರೆ. ವಾಸಕ್ಕೆ ಯೋಗ್ಯ ಅಲ್ಲ ಅಂತ ನಲವತ್ತು ಮನೆಗೂ ಬೀಗ ಬೀಳುತ್ತೆ. ನಾಡಿದ್ದು ದೊಡ್ಡ ಇಂಜಿನಿಯರ್ ಸಾಹೇಬರು ಬರ್ತಾರೆ. ನಿಮ್ಮಿಷ್ಟ.”

ಅವತ್ತು ಸಂಜೆ ನನ್ನ ಬಾಗಿಲಿಗೆ ಜನ ಬಂದರು. ಒಂದು ಹೆಬ್ಬೆಟ್ಟಿಗೋಸ್ಕರ ನಲವತ್ತು ಮನೆ ಬೀದಿಗೆ ಬೀಳಬೇಕಾ ಅಕ್ಕ, ನೀನೇ ಹೇಳಿ ಒಪ್ಪಿಸು, ಹೋದದ್ದಂತೂ ಹೋಯ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಚರಂಡಿ ಪಕ್ಕದ ಜಾಗದಲ್ಲಿ ಈಗ ರಸ್ತೆ ಇದೆ. ಅವರು ಎಲ್ಲಿಗೆ ಹೋಗಬೇಕು?

ತಂಗಿಯನ್ನು ಒಪ್ಪಿಸುವ ಅಗತ್ಯವೇ ಇರಲಿಲ್ಲ. ಅವಳು ನನ್ನ ಮನೆಯೊಳಗೆ ಗೋಡೆಗೆ ಒರಗಿ ಕುಳಿತಿದ್ದಳು. ಎದೆಹಾಲು ಇಂಗಿರಲಿಲ್ಲ, ಕುಪ್ಪಸದ ಮೇಲೆ ಎರಡು ಒದ್ದೆ ಗುರುತು.

“ನಾನೇ ಅಲ್ವಾ ಅಕ್ಕ ನೀರು ಸುರಿದಿದ್ದು,” ಎಂದಳು. “ಬೆನ್ನು ನೋವು ಅಂತ ದಿನಾ ಎರಡು ತಂಬಿಗೆ ಜಾಸ್ತಿನೇ ಹೊಯ್ಕೊಂಡೆ. ಬಿಸಿನೀರು ಹಿತವಾಗಿತ್ತು. ಅದರಿಂದಾನೇ ಆಗಿದ್ದು. ಒತ್ತಿಬಿಡ್ತೀನಿ.”

ಎರಡು ತಂಬಿಗೆ ನೀರು. ಐದು ದಿನ ಆಕಾಶವೇ ಕಳಚಿ ಬಿದ್ದಿತ್ತು, ಇವಳು ತನ್ನ ಎರಡು ತಂಬಿಗೆ ಲೆಕ್ಕ ಹಾಕುತ್ತಿದ್ದಳು. ಆಗಲೇ ಹೇಳಬೇಕಿತ್ತು ನಾನು. ಬಾಯಿಯವರೆಗೂ ಬಂತು. ತವರು ಅಂತ ಅವಳಿಗೆ ನನ್ನನ್ನು ಬಿಟ್ಟು ಯಾರಿದ್ದಾರೆ, ನನಗೆ ಅವಳನ್ನು ಬಿಟ್ಟು ಯಾರಿದ್ದಾರೆ ಅನ್ನಿಸಿತು. ನುಂಗಿಕೊಂಡೆ. ಹೇಡಿ ನಾನು.

ಸಾಹೇಬರು ಬರುವ ದಿನ ಬೆಳಗ್ಗೆಯೇ ಮೇಸ್ತ್ರಿ ನಮ್ಮ ತಂಡವನ್ನು ಕರೆದ. ಬಿಸಿಲು ಬಿದ್ದು ನೆಲ ಮತ್ತೆ ಬಿರಿಯುತ್ತಿತ್ತು. ತಂಗಿಯ ಮನೆ ಮುಂದಿನ ಉಬ್ಬು ಕಡಿಯಬೇಕು, ಸುತ್ತಲಿನ ಬಿರುಕಿಗೆ ಗರಸು ತುಂಬಿ ತುಳಿಯಬೇಕು, ಹನ್ನೊಂದು ಗಂಟೆಯೊಳಗೆ. ಅದೇ ಲಾರಿ ಬಂತು. ಅದೇ ಕೆಂಪು ಗರಸು. ಮಾವ ಬುಟ್ಟಿ ತುಂಬಿ ನನ್ನ ತಲೆಯ ಮೇಲಿಟ್ಟ. ಬಿರುಕಿನ ಹತ್ತಿರ ಹೋಗಿ ನಿಂತೆ.

ಕೈ ಬರಲಿಲ್ಲ. ಬುಟ್ಟಿ ಇಳಿಸಿದೆ.

“ಏನು ನಿಂತೆ?” ಎಂದ ಮೇಸ್ತ್ರಿ.

“ತುಂಬಲ್ಲ.”

“ಏನಂದೆ?”

“ತುಂಬಲ್ಲ ಅಂದೆ. ತೋಡ್ತೀನಿ.”

ತಂಗಿಯ ಹೊಸ್ತಿಲ ಬುಡಕ್ಕೇ ಗುದ್ದಲಿ ಹಾಕಿದೆ. ಮೇಲಿನ ಪದರ ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಹಸಿ ಜೇಡಿ. ಗುದ್ದಲಿ ಹೊಕ್ಕರೆ ಹೊರಗೆ ಬಿಡುವುದಿಲ್ಲ. ಎಳೆದು ಎಳೆದು ರಟ್ಟೆ ಕಿತ್ತು ಬರುವ ಹಾಗಾಯಿತು. ಅಂಗೈಯ ಹಳೆಯ ಗಾಯ ಬಾಯಿಬಿಟ್ಟಿತು. ಮೇಸ್ತ್ರಿ ನನ್ನ ಹುಟ್ಟು ಎತ್ತಿ ಬೈದ, ನಾಳೆಯಿಂದ ಎಲ್ಲೂ ಕೆಲಸ ಹುಟ್ಟದ ಹಾಗೆ ಮಾಡ್ತೀನಿ ಎಂದ. ಮಾಡು ಎಂದೆ. ಅವನು ತಂಡದ ಕಡೆ ತಿರುಗಿದ.

“ಮುಚ್ರೋ ಆ ಗುಂಡೀನ.”

ಯಾರೂ ಅಲ್ಲಾಡಲಿಲ್ಲ. “ನಂಗೆ ಸೊಂಟ ಹಿಡ್ಕೊಂಡಿದೆ ಮೇಸ್ತ್ರಿ,” ಎಂದ ಗುದ್ದಲಿ ಮಾವ. “ಈಗ ತಾನೇ ಹಿಡ್ಕೊಳ್ತು.” ಹಾಗೆಂದವನು ಬಗ್ಗಿ ನನ್ನ ಮಣ್ಣಿನ ಬುಟ್ಟಿ ಮೇಲಕ್ಕೆ ಎಳೆದುಕೊಂಡ.

ದೊಡ್ಡ ಸಾಹೇಬರ ಜೀಪು ಬಂದಾಗ ನಾನು ಎದೆಮಟ್ಟದ ಗುಂಡಿಯಲ್ಲಿದ್ದೆ. ಹಿಂದೆ ಗುಮಾಸ್ತ, ಅವನ ಕೈಯಲ್ಲಿ ಕಾಗದ ಮತ್ತು ಶಾಯಿಯ ಡಬ್ಬಿ. ಬೂಟಿಗೆ ಜೇಡಿ ಹತ್ತುತ್ತದೆಂದು ಸಾಹೇಬರು ದೂರದ ಒಂದು ಕಲ್ಲಿನ ಮೇಲೆ ನಿಂತರು. ಜನ ಸೇರಿತು. ಗುಮಾಸ್ತ ಕರೆದಾಗ ತಂಗಿಯೂ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

“ಏನಿದು ಗುಂಡಿ?” ಎಂದರು ಸಾಹೇಬರು.

“ಹುಚ್ಚಿ ಸಾರ್,” ಎಂದ ಮೇಸ್ತ್ರಿ.

“ಇಲ್ಲಿ ಬಂದು ನೋಡಿ ಸಾಹೇಬ್ರೇ,” ಎಂದೆ. “ಈ ಕಡೆ ನೋಡಿ, ಮನೆಯ ಅಡಿಪಾಯ. ಮಂಡಿ ಆಳಕ್ಕೇ ಕಲ್ಲು ಮುಗಿದುಹೋಗಿದೆ. ಅಷ್ಟೇ ಅಗೀರಿ ಅಂದಿದ್ದು ಮೇಸ್ತ್ರಿ, ಅಷ್ಟೇ ಅಗೆದಿದ್ದು ನಾನು. ಈ ಕಡೆ ನೋಡಿ. ಕರೀ ಮಣ್ಣಿನೊಳಗೆ ಕೆಂಪು ಪಟ್ಟೆ ಕಾಣುತ್ತಾ? ನನ್ನ ಎದೆಮಟ್ಟದಿಂದ ಕಾಲಿನ ತನಕ ಇದೆ. ಮನೆ ಅಡಿಗೂ ಹೋಗಿದೆ. ಅದು ಗರಸು. ಮನೆ ಕಟ್ಟೋಕೆ ಮುಂಚೆ ಬಿರುಕಿಗೆ ತುಂಬಿದ್ದು. ಊದೋ ಮಣ್ಣಿಗೆ ಊದೋಕೆ ಜಾಗ ಇಲ್ಲದ ಹಾಗೆ ಮಾಡಿದ್ದು. ಅದಕ್ಕೇ ಮೇಲೆದ್ದು ಬಾಗಿಲು ಹಿಂಡಿದೆ. ನೋಡಿ ಇಲ್ಲಿ, ಮಣ್ಣಿಗೆ ಮಣ್ಣು ಉಜ್ಜಿ ಉಜ್ಜಿ ಹೆಂಗೆ ಮಿರಿಮಿರಿ ಅಂತಿದೆ. ಎರಡು ತಂಬಿಗೆ ಬಿಸಿನೀರಿಗೆ ಇದೆಲ್ಲ ಆಗುತ್ತಾ?”

“ತುಂಬಿದ್ದು ಯಾರು?”

“ನಾನು,” ಎಂದೆ. ತಂಗಿಯ ಕಡೆ ನೋಡಲಿಲ್ಲ. ಆಮೇಲೆ ನೋಡಿದೆ. “ನಾನೇ ಕಣೇ. ತುಂಬಬಾರದು ಅಂತ ಅಮ್ಮ ಹೇಳಿದ್ಲು. ಗೊತ್ತಿದ್ದೂ ತುಂಬಿದೆ. ನಿನ್ನ ಹೊಸ್ತಿಲ ಕೆಳಗಿನದನ್ನ ನಾನೇ ತುಳಿದು ಗಟ್ಟಿ ಮಾಡಿದೆ. ನೀನು ಸುರಿದ ನೀರಲ್ಲ.”

ತಂಗಿ ಗುಂಡಿಯ ಅಂಚಿಗೆ ಬಂದಳು. ಬಗ್ಗಿ ಆ ಕೆಂಪು ಪಟ್ಟೆಯನ್ನು ಉಗುರಿನಿಂದ ಕೆರೆದಳು. ಗರಸು ಅವಳ ಅಂಗೈಗೆ ಉದುರಿತು. ಅವಳ ಮುಖ ನೋಡುವುದಕ್ಕಿಂತ ಅಮ್ಮನ ಹಾಗೆ ಮಣ್ಣಿನಡಿ ಹೋಗುವುದು ಮೇಲು ಅನ್ನಿಸಿತು ನನಗೆ.

ಗುಮಾಸ್ತ ಶಾಯಿಯ ಡಬ್ಬಿ ತೆರೆದು ಅವಳ ಮುಂದೆ ಹಿಡಿದ. “ಬೇಗ ಒತ್ತಮ್ಮ, ಸಾಹೇಬ್ರಿಗೆ ಬೇರೆ ಕೆಲಸ ಇದೆ.”

“ನನ್ನ ಹೆಸರು ಇರೋ ಕಡೆ ಅದನ್ನ ಹೊಡೆದುಹಾಕಿ ನಮ್ಮಕ್ಕನ ಹೆಸರು ಬರೀರಿ,” ಎಂದಳು ತಂಗಿ. ಮೂರು ವಾರದಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. “ಅದರ ಮೇಲೆ ಮೇಸ್ತ್ರಿ ಹೆಸರು ಬರೀರಿ. ಅದರ ಮೇಲೆ ಈ ಸಾಹೇಬ್ರ ಹೆಸರು ಬರೀರಿ. ಆಮೇಲೆ ಓದಿ ಹೇಳಿ, ಒತ್ತುತ್ತೀನಿ.”

“ಅದನ್ನೆಲ್ಲ ಬರೆಯೋಕೆ ಈ ಕಾಗದದಲ್ಲಿ ಜಾಗ ಇಲ್ಲಮ್ಮ,” ಎಂದ ಗುಮಾಸ್ತ.

“ಹಾಗಾದ್ರೆ ನನ್ನ ಹೆಬ್ಬೆಟ್ಟಿಗೂ ಅದರಲ್ಲಿ ಜಾಗ ಇಲ್ಲ.”

ಸಾಹೇಬರು ಗುಂಡಿಯ ಹತ್ತಿರ ಬರಲೇ ಇಲ್ಲ. ಗುಮಾಸ್ತನಿಗೆ ಏನೋ ಹೇಳಿ ಜೀಪು ಹತ್ತಿದರು. ಹತ್ತು ದಿನದಲ್ಲಿ ನಲವತ್ತೂ ಮನೆ ಖಾಲಿ ಮಾಡಬೇಕು ಎಂದು ಗುಮಾಸ್ತ ಕೂಗಿ ಹೇಳಿದ. ಜೀಪಿನ ಹಿಂದೆ ಮೇಸ್ತ್ರಿಯೂ ಹೋದ. ನಿಂತವರಲ್ಲಿ ಒಬ್ಬಳು ನನ್ನ ಕಡೆಗೆ ಹಿಡಿ ಮಣ್ಣು ತೂರಿ, ನಿನ್ನ ವಂಶ ಹಾಳಾಗ ಎಂದಳು. ಅದು ಆಗಲೇ ಹಾಳಾಗಿತ್ತು. ಜನ ಒಬ್ಬೊಬ್ಬರೇ ಒಳಗೆ ಹೋದರು. ಮಾವನೂ ಹೋದ.

ತಂಗಿ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಅಂಗೈಯ ಗರಸನ್ನು ಚೆಲ್ಲಿರಲಿಲ್ಲ. ಮೇಲೆ ಹತ್ತಲು ನನ್ನ ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲ. ಅವಳ ಕಡೆ ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ಎದ್ದೂ ಹೋಗಲಿಲ್ಲ.